ಗಣಕ ಪ್ರಶ್ನೋತ್ತರ: ಹೆಬ್ಬೆರಳುದ್ದದ ವೈಫೈ ಅಡಾಪ್ಟರ್ ಮತ್ತು ಅದರೊಳಗಿನ ಚಿಪ್

ಕಳೆದ ಕೆಲವು ವಾರಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ ವಸ್ತು ಒಂದೇ: ಹಳೆಯ ಡೆಸ್ಕ್‌ಟಾಪಿಗೆ ಅಥವಾ ಒಳಗಿನ ವೈಫೈ ಕೆಟ್ಟುಹೋದ ಲ್ಯಾಪ್‌ಟಾಪಿಗೆ ಹೊರಗಿನಿಂದ ಸಿಕ್ಕಿಸುವ ಯುಎಸ್‌ಬಿ ವೈಫೈ ಅಡಾಪ್ಟರ್. ಡೊಂಬಿವಲಿಯಿಂದ ವಾಸ್ಕೋವರೆಗಿನ ಓದುಗರು ಬರೆದಿರುವ ತೊಂದರೆಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ, ಅವುಗಳಲ್ಲಿ ಹಲವು ಅಡಾಪ್ಟರಿನ ಡಬ್ಬಿಯ ಮೇಲಿನ ಹೆಸರನ್ನು ನಂಬಿ ಒಳಗಿನ ಚಿಪ್ ಯಾವುದೆಂದು ನೋಡದಿರುವುದರಿಂದ ಹುಟ್ಟಿದವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮಗ ಬಿಟ್ಟುಹೋದ ಡೆಸ್ಕ್‌ಟಾಪ್ ಒಂದು ಮನೆಯಲ್ಲಿದೆ. ಅದರಲ್ಲಿ ವಿಂಡೋಸ್ 10 ಇದೆ. ರೂಟರ್ ಹಾಲಿನಲ್ಲಿ, ಕಂಪ್ಯೂಟರ್ ಒಳಕೋಣೆಯಲ್ಲಿ. ಗೋಡೆ ಕೊರೆದು ತಂತಿ ಎಳೆಯುವುದು ಬೇಡವೆಂದು ವೈಫೈ ಅಡಾಪ್ಟರ್ ತಂದೆ. ಜೊತೆಗೆ ಪುಟ್ಟ ಸಿ.ಡಿ. ಕೊಟ್ಟಿದ್ದಾರೆ, ಆದರೆ ಈ ಕಂಪ್ಯೂಟರಿನಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಅಡಾಪ್ಟರ್ ಸಿಕ್ಕಿಸಿದಾಗ ಒಂದು ಸದ್ದು ಬರುತ್ತದೆ, ಮತ್ತೇನೂ ಆಗುವುದಿಲ್ಲ. ಅಂಗಡಿಯವರು ಬದಲಿಸಿ ಕೊಡುತ್ತೇವೆ ಎನ್ನುತ್ತಾರೆ. ಬದಲಿಸಲೇ?
(ಓದುಗರು, ಡೊಂಬಿವಲಿ)

ಉತ್ತರ: ದಯವಿಟ್ಟು ಈಗಲೇ ಬದಲಿಸಬೇಡಿ. ಸಿಕ್ಕಿಸಿದ ಕೂಡಲೇ ಬರುವ ಆ ಸದ್ದು ಒಳ್ಳೆಯ ಸೂಚನೆ: ಪೋರ್ಟಿನಲ್ಲಿ ವಿದ್ಯುತ್ ಇದೆ, ಅಡಾಪ್ಟರ್ ಸತ್ತಿಲ್ಲ, ಯಾವುದೋ ಹೊಸ ಸಾಧನ ಬಂದಿದೆ ಎಂಬುದು ಕಂಪ್ಯೂಟರಿಗೆ ತಿಳಿದಿದೆ. ಆದರೆ ಬಂದವರ ಭಾಷೆ ಅದಕ್ಕೆ ಗೊತ್ತಿಲ್ಲ. ಆ ಭಾಷೆಯನ್ನು ತಿಳಿಸಿಕೊಡುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಮರಾಠಿ ಬಾರದೆ ಈ ಊರಿಗೆ ಬಂದಿಳಿದ ನಮ್ಮ ಹಿರಿಯರಿಗೆ ಮೊದಲ ದಿನಗಳಲ್ಲಿ ಪಕ್ಕದ ಖೋಲಿಯವರೊಬ್ಬರು ದುಭಾಷಿಯಾಗಿ ನಿಂತ ಹಾಗೆ, ವಿಂಡೋಸಿಗೂ ಅಡಾಪ್ಟರಿನ ಚಿಪ್ಪಿಗೂ ನಡುವೆ ಡ್ರೈವರ್ ನಿಲ್ಲುತ್ತದೆ. ಅದು ಬರುವ ತನಕ ಇಬ್ಬರೂ ಎದುರುಬದುರು ಸುಮ್ಮನೆ ಕುಳಿತಿರುತ್ತಾರೆ.

ಮೊದಲು ದುಭಾಷಿ ಬೇಕಾಗಿರುವುದು ಯಾವ ಭಾಷೆಗೆ ಎಂದು ತಿಳಿಯೋಣ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ಬರುವ ಪಟ್ಟಿಯಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅಲ್ಲಿ 'ಅದರ್ ಡಿವೈಸಸ್' ಎಂಬ ತಲೆಬರಹದ ಕೆಳಗೆ ಹಳದಿ ತ್ರಿಕೋನ ಅಂಟಿಕೊಂಡ ಒಂದು ಸಾಲು ಕಾಣುತ್ತದೆ. ಅದೇ ನಿಮ್ಮ ಅಡಾಪ್ಟರ್. ಅದರ ಮೇಲೆ ಎರಡು ಬಾರಿ ಒತ್ತಿದರೆ ತೆರೆಯುವ ಕಿಟಕಿಯಲ್ಲಿ 'ಕೋಡ್ 28' ಎಂದು ಬರೆದಿದ್ದರೆ, ಡ್ರೈವರ್ ಇಲ್ಲ ಎಂದಷ್ಟೇ ಅರ್ಥ, ಯಂತ್ರದೋಷವಲ್ಲ. ಅದೇ ಕಿಟಕಿಯ 'ಡೀಟೇಲ್ಸ್' ಪುಟಕ್ಕೆ ಹೋಗಿ, ಮೇಲಿನ ಪಟ್ಟಿಯಲ್ಲಿ 'ಹಾರ್ಡ್‌ವೇರ್ ಐಡಿಸ್' ಎಂಬುದನ್ನು ಆರಿಸಿದರೆ ವಿಐಡಿ ಮತ್ತು ಪಿಐಡಿ ಎಂಬ ಅಕ್ಷರಗಳ ಮುಂದೆ ನಾಲ್ಕು ನಾಲ್ಕು ಸ್ಥಾನಗಳ ಎರಡು ಗುರುತುಗಳು ಸಿಗುತ್ತವೆ. ಮೊದಲನೆಯದು ತಯಾರಕರದು, ಎರಡನೆಯದು ವಸ್ತುವಿನದು. ವಿಐಡಿ ಮುಂದೆ '0ಬಿಡಿಎ' ಎಂದಿದ್ದರೆ ಚಿಪ್ ರಿಯಲ್‌ಟೆಕ್ ಕಂಪನಿಯದು. '148ಎಫ್' ಎಂದಿದ್ದರೆ ರಾಲಿಂಕ್, ಅಂದರೆ 2011ರಲ್ಲಿ ಮೀಡಿಯಾಟೆಕ್‌ನೊಂದಿಗೆ ಸೇರಿಹೋದ ಕಂಪನಿ. '0ಸಿಎಫ್3' ಎಂದಿದ್ದರೆ ಅಥೆರಾಸ್. ಕೆಲವು ದೊಡ್ಡ ಮಾರಾಟಗಾರರು ಈ ಜಾಗದಲ್ಲಿ ತಮ್ಮದೇ ಗುರುತನ್ನು ಹಾಕಿಸಿಕೊಂಡಿರುತ್ತಾರೆ, ಆಗ ಎರಡೂ ಗುರುತುಗಳನ್ನು ಸೇರಿಸಿ ಹುಡುಕಿದರೆ ಚಿಪ್ಪಿನ ಹೆಸರು ಹೊರಬೀಳುತ್ತದೆ. ಈ ಎಂಟು ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಡಬ್ಬಿಯ ಮೇಲಿರುವ ಬಣ್ಣದ ಅಕ್ಷರಗಳಿಗಿಂತ ಈ ಚೀಟಿಗೆ ಬೆಲೆ ಹೆಚ್ಚು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ಕನ್ನಡ ಶಾಲೆಗೆ ದಾನವಾಗಿ ಬಂದ ಆರು ಹಳೆಯ ಕಂಪ್ಯೂಟರುಗಳಿಗೆ ವೈಫೈ ಜೋಡಿಸಿಕೊಡುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೆ. ಒಂದೇ ಕಂಪನಿಯ, ಒಂದೇ ಮಾದರಿಯ, ಒಂದೇ ಬೆಲೆಯ ಆರು ಅಡಾಪ್ಟರುಗಳನ್ನು ತಂದೆವು. ನಾಲ್ಕು ಕೂಡಲೇ ಕೆಲಸಮಾಡಿದವು, ಎರಡು ಮಾಡಲಿಲ್ಲ. ಅದೇ ಡ್ರೈವರನ್ನು ಮೂರು ಮೂರು ಸಲ ಹಾಕಿ ತೆಗೆದು ಒಂದು ಭಾನುವಾರವೇ ಕಳೆಯಿತು. ಸಂಜೆಗೆ ಗುರುತುಗಳನ್ನು ಓದಿ ನೋಡಿದಾಗ, ಆ ಎರಡರೊಳಗೆ ಬೇರೆಯೇ ಕಂಪನಿಯ ಚಿಪ್ ಇತ್ತು! ಮಾರಾಟಗಾರರು ಮಾದರಿಯ ಹೆಸರನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಚಿಪ್ಪನ್ನು ಬದಲಿಸುವುದು ಈ ವ್ಯಾಪಾರದಲ್ಲಿ ಸಾಮಾನ್ಯ; ಹಿಂಬದಿಯ ಚೀಟಿಯಲ್ಲಿ 'ವಿ1', 'ವಿ2', 'ವಿ3' ಎಂದು ತೀರ ಸಣ್ಣ ಅಕ್ಷರಗಳಲ್ಲಿ ಮುದ್ರಿಸಿರುವುದಷ್ಟೇ ಅದರ ಸುಳಿವು. ಸರಿಯಾದ ಡ್ರೈವರ್ ಹಾಕಿದ ಮೇಲೆ ಆ ಎರಡೂ ಕಂಪ್ಯೂಟರುಗಳು ಹತ್ತೇ ನಿಮಿಷದಲ್ಲಿ ಸಿದ್ಧವಾದವು. ಅಂಗಡಿಗೆ ಮರಳಿಸಲೆಂದು ಕಟ್ಟಿಟ್ಟಿದ್ದ ಅಡಾಪ್ಟರುಗಳಲ್ಲಿ ಯಾವ ದೋಷವೂ ಇರಲಿಲ್ಲ.

ಇನ್ನು ಡ್ರೈವರ್ ತರುವುದು ಹೇಗೆ? ವೈಫೈ ಇಲ್ಲದೆ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಇಲ್ಲದೆ ಡ್ರೈವರ್ ಇಲ್ಲ ಎಂಬ ಇಕ್ಕಟ್ಟಿಗೆ ನಿಮ್ಮ ಆಂಡ್ರಾಯ್ಡ್ ಫೋನೇ ಪರಿಹಾರ. ಫೋನನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಜಾಗದಲ್ಲೇ ಸಿಗುವ 'ಯುಎಸ್‌ಬಿ ಟೆದರಿಂಗ್' ಎಂಬುದನ್ನು ಚಾಲೂ ಮಾಡಿ. ವಿಂಡೋಸ್ ಅದನ್ನು ತಂತಿಯ ಸಂಪರ್ಕವೆಂದೇ ತಿಳಿದು ಸ್ವೀಕರಿಸುತ್ತದೆ. ಫೋನ್ ಆ ಹೊತ್ತಿಗೆ ಮನೆಯ ವೈಫೈಗೆ ಸೇರಿಕೊಂಡಿದ್ದರೆ ಸಾಮಾನ್ಯವಾಗಿ ಅದನ್ನೇ ಕಂಪ್ಯೂಟರಿಗೆ ಹರಿಸುವುದರಿಂದ ಮೊಬೈಲ್ ಡೇಟಾ ಕೂಡ ಖರ್ಚಾಗುವುದಿಲ್ಲ. ಕೇಬಲ್ ಮಾತ್ರ ಡೇಟಾ ಸಾಗಿಸುವಂಥದ್ದಾಗಿರಬೇಕು. ಬರೀ ಚಾರ್ಜ್ ಮಾಡುವ ಕೇಬಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸಂಪರ್ಕ ಬಂದ ಮೇಲೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋಗಿ ಅಪ್‌ಡೇಟ್ ಹುಡುಕಲು ಹೇಳಿ, ಬಳಿಕ 'ಆಪ್ಷನಲ್ ಅಪ್‌ಡೇಟ್ಸ್' ಒಳಗಿನ ಡ್ರೈವರ್ ಪಟ್ಟಿಯನ್ನೂ ನೋಡಿ. ಹೆಚ್ಚಿನ ಅಡಾಪ್ಟರುಗಳ ಕೆಲಸ ಇಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಅಡಾಪ್ಟರ್ ಕಂಪನಿಯ ತಾಣದಿಂದ, ನಿಮ್ಮ ಮಾದರಿ ಮತ್ತು ಆವೃತ್ತಿಯ ಸಂಖ್ಯೆ ಎರಡೂ ಹೊಂದುವ ಡ್ರೈವರನ್ನೇ ಇಳಿಸಿಕೊಳ್ಳಿ. ಪುಟ್ಟ ಸಿ.ಡಿ.ಯನ್ನು ನೆರೆಮನೆಯವರ ಕಂಪ್ಯೂಟರಿನಲ್ಲಿ ತೆರೆದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬಹುದಾದರೂ, ಅದರಲ್ಲಿರುವ ಡ್ರೈವರ್ ಎಷ್ಟೋ ಸಲ ವಿಂಡೋಸ್ 7ರ ಕಾಲದ್ದಾಗಿರುತ್ತದೆ. ಅದು ನನ್ನ ಕೊನೆಯ ಆಯ್ಕೆ. 'ನಿಮ್ಮ ಎಲ್ಲ ಡ್ರೈವರುಗಳನ್ನು ಒಂದೇ ಗುಂಡಿಯಲ್ಲಿ ಸರಿಪಡಿಸುತ್ತೇವೆ' ಎನ್ನುವ ತಂತ್ರಾಂಶಗಳನ್ನಂತೂ ಮುಟ್ಟಲೇಬೇಡಿ. ಅಡಾಪ್ಟರ್ ಸರಿಹೋಗದೆ ಕಂಪ್ಯೂಟರೇ ಕೆಟ್ಟ ಪ್ರಸಂಗಗಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಡ್ರೈವರ್ ಕುಳಿತ ಮೇಲೂ 'ಕೋಡ್ 10' ಅಥವಾ 'ಕೋಡ್ 43' ಬಂದರೆ ಆಗ ಪೋರ್ಟನ್ನು ಅನುಮಾನಿಸಬೇಕು. ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟುಗಳು ಒಳಗಿನ ಉದ್ದದ ತಂತಿಯೊಂದರ ಮೂಲಕ ಮದರ್‌ಬೋರ್ಡಿಗೆ ಸೇರುತ್ತವೆ, ಹಿಂಭಾಗದವು ನೇರವಾಗಿ ಮದರ್‌ಬೋರ್ಡಿನ ಮೇಲೆಯೇ ಇರುತ್ತವೆ. ಮುಂದೆ ತಡವರಿಸುವ ಅಡಾಪ್ಟರ್ ಹಿಂದೆ ಸಲೀಸಾಗಿ ಕೆಲಸಮಾಡುವುದು ಅಪರೂಪವಲ್ಲ. ಅಡಾಪ್ಟರ್ ಪಟ್ಟಿಯಲ್ಲಿ ಸರಿಯಾಗಿ ಕಂಡರೂ ವೈಫೈ ಚಿಹ್ನೆಯೇ ಬಾರದಿದ್ದರೆ, ವಿಂಡೋಸಿನ ಸರ್ವಿಸಸ್ ಪಟ್ಟಿಯಲ್ಲಿ 'ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್' ಚಾಲೂ ಇದೆಯೇ ನೋಡಿ. ವೇಗ ಹೆಚ್ಚಿಸುತ್ತೇವೆ ಎನ್ನುವ ತಂತ್ರಾಂಶಗಳು ಅದನ್ನು ನಿಲ್ಲಿಸಿಟ್ಟಿರುವುದುಂಟು.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಪತ್ರಿಕೆ ಓದಲು, ಊರಿನ ಯಕ್ಷಗಾನ ನೋಡಲು ಈ ಕಂಪ್ಯೂಟರ್ ಧಾರಾಳವಾಗಿ ಸಾಕು. ಆದರೆ ಹಣದ ವ್ಯವಹಾರವನ್ನು ಅದರಲ್ಲಿ ಮಾಡುವ ಮೊದಲು ಭದ್ರತಾ ಅಪ್‌ಡೇಟುಗಳ ಏರ್ಪಾಡನ್ನು ಮಗನೊಂದಿಗೆ ಮಾತಾಡಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ. ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ 21 ಹಾಕಿಕೊಂಡಿದ್ದೇನೆ. ಹೊಸ ಅಡಾಪ್ಟರ್ ಸಿಕ್ಕಿಸಿದರೆ ವೈಫೈ ಬರುವ ಬದಲು ಪರದೆಯ ಮೇಲೆ ಸಿ.ಡಿ. ಡ್ರೈವಿನ ಚಿತ್ರ ಬರುತ್ತದೆ. ಗೆಳೆಯನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆಯುತ್ತದೆ. ಲಿನಕ್ಸ್ ಬಿಡಬೇಕೇ?
(ಓದುಗರು, ಮಾಟುಂಗಾ)

ಉತ್ತರ: ಬಿಡಬೇಕಾಗಿಲ್ಲ. ಸಿ.ಡಿ. ಡ್ರೈವ್ ಇಲ್ಲದ ಕಂಪ್ಯೂಟರುಗಳು ಹೆಚ್ಚಿದ ಮೇಲೆ, ತಯಾರಕರು ವಿಂಡೋಸ್ ಡ್ರೈವರನ್ನು ಅಡಾಪ್ಟರಿನೊಳಗೇ ತುಂಬಿಸಿ ಕೊಡಲು ಆರಂಭಿಸಿದರು. ಇಂಥ ಅಡಾಪ್ಟರ್ ಮೊದಲು ತಾನೊಂದು ಸಿ.ಡಿ. ಡ್ರೈವ್ ಎಂದು ಹೇಳಿಕೊಳ್ಳುತ್ತದೆ. ಅದರೊಳಗಿನ ಡ್ರೈವರ್ ಸ್ಥಾಪನೆಯಾದ ಮೇಲೆ ವೇಷ ಕಳಚಿ ವೈಫೈ ಅಡಾಪ್ಟರಾಗುತ್ತದೆ. ನಿಮ್ಮ ಲಿನಕ್ಸ್ ಕಂಡಿರುವುದು ಆ ಮೊದಲ ವೇಷವನ್ನು.

ಟರ್ಮಿನಲ್ ತೆರೆದು 'ಎಲ್‌ಎಸ್‌ಯುಎಸ್‌ಬಿ' ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ. ಬರುವ ಪಟ್ಟಿಯಲ್ಲಿ '0ಬಿಡಿಎ:1ಎ2ಬಿ' ಎಂಬ ಗುರುತಿದ್ದರೆ ಅದು ಸಿ.ಡಿ. ವೇಷದಲ್ಲಿರುವ ರಿಯಲ್‌ಟೆಕ್ ಅಡಾಪ್ಟರ್. ಪರದೆಯ ಮೇಲಿನ ಸಿ.ಡಿ. ಚಿತ್ರಕ್ಕೆ ಮೌಸಿನ ಬಲಗುಂಡಿ ಒತ್ತಿ 'ಇಜೆಕ್ಟ್' ಕೊಟ್ಟು, ಕೆಲವು ಕ್ಷಣ ಬಿಟ್ಟು ಪಟ್ಟಿಯನ್ನು ಮತ್ತೆ ತರಿಸಿ. ಎರಡನೆಯ ಗುರುತು ಬದಲಾಗಿರಬೇಕು. ಉದಾಹರಣೆಗೆ 'ಸಿ811' ಎಂದಾಗಿದ್ದರೆ ಒಳಗಿರುವುದು ಆರ್‌ಟಿಎಲ್ 8811ಸಿಯು ಚಿಪ್. ಈ ವೇಷಬದಲಾವಣೆಯನ್ನು ಪ್ರತಿ ಸಲ ತಾನಾಗಿ ಮಾಡಿಸಲು 'ಯುಎಸ್‌ಬಿ ಮೋಡ್‌ಸ್ವಿಚ್' ಎಂಬ ಪ್ಯಾಕೇಜ್ ಇದೆ.

ವೇಷ ಕಳಚಿದರೂ ವೈಫೈ ಬಾರದಿದ್ದರೆ ಕಾರಣ ಲಿನಕ್ಸಿನ ತಿರುಳಾದ ಕರ್ನಲಿನ ವಯಸ್ಸು. ಈ ಕುಟುಂಬದ ರಿಯಲ್‌ಟೆಕ್ ಯುಎಸ್‌ಬಿ ಚಿಪ್ಪುಗಳಿಗೆ ಲಿನಕ್ಸ್ ಕರ್ನಲಿನ ಒಳಗೇ ಡ್ರೈವರ್ ಸಿಗತೊಡಗಿದ್ದು 2023ರ ಫೆಬ್ರವರಿಯಲ್ಲಿ ಬಂದ 6.2ನೆಯ ಆವೃತ್ತಿಯಿಂದ, ಮಿಂಟ್ 21 ಹೊರಟಿದ್ದು 5.15ನೆಯ ಕರ್ನಲಿನೊಂದಿಗೆ. ಫೋನಿನ ಯುಎಸ್‌ಬಿ ಟೆದರಿಂಗ್ ಲಿನಕ್ಸಿನಲ್ಲೂ ನಡೆಯುತ್ತದೆ. ಅದರಿಂದ ಇಂಟರ್ನೆಟ್ ಪಡೆದು, ಅಪ್‌ಡೇಟ್ ಮ್ಯಾನೇಜರಿನ 'ವ್ಯೂ' ಪಟ್ಟಿಯಲ್ಲಿರುವ 'ಲಿನಕ್ಸ್ ಕರ್ನಲ್ಸ್' ತೆರೆದು ಹೊಸ ಕರ್ನಲ್ ಹಾಕಿಕೊಳ್ಳಿ, ಇಲ್ಲವೇ 6.8ನೆಯ ಕರ್ನಲ್ ಇರುವ ಮಿಂಟ್ 22ಕ್ಕೆ ಏರಿ. ಯಾರೋ ಹಂಚಿಟ್ಟ ಡ್ರೈವರಿನ ಮೂಲಸಂಕೇತವನ್ನು ತಂದು ನೀವೇ ಕಂಪೈಲ್ ಮಾಡುವ, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವ ದಾರಿಯೂ ಇದೆಯಾದರೂ, ಕರ್ನಲ್ ಬದಲಾದಾಗಲೆಲ್ಲ ಅದನ್ನು ಮತ್ತೆ ಕಟ್ಟಬೇಕು, ಲ್ಯಾಪ್‌ಟಾಪಿನಲ್ಲಿ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿಯಿಲ್ಲದ ಆ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದೂ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ವೈಫೈ ಕೈಕೊಡುವ ಅಂಥ ಏರ್ಪಾಡನ್ನು ವಿದ್ಯಾರ್ಥಿಗೆ ನಾನು ಸೂಚಿಸಲಾರೆ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ಅಡಾಪ್ಟರ್ ಸರಿಯಾಗಿಯೇ ನಡೆಯುತ್ತದೆ. ಆದರೆ ಪಾಠಗಳ ವಿಡಿಯೋಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಲು ತೊಡಗಿದ ಕೂಡಲೇ ವೈಫೈ ಕುಂಟುತ್ತದೆ, ಕೆಲವೊಮ್ಮೆ ಪೂರ್ತಿ ಹೋಗುತ್ತದೆ. ನಕಲು ಮುಗಿದರೆ ಮತ್ತೆ ಬರುತ್ತದೆ. ಎರಡು ಅಡಾಪ್ಟರ್ ಬದಲಿಸಿ ನೋಡಿದೆ.
(ಓದುಗರು, ವಾಸ್ಕೋ, ಗೋವಾ)

ಉತ್ತರ: ಯಾವಾಗ ಹೋಗುತ್ತದೆ, ಯಾವಾಗ ಮರಳುತ್ತದೆ ಎಂಬುದನ್ನು ನೀವು ಇಷ್ಟು ನಿಖರವಾಗಿ ಗಮನಿಸಿ ಬರೆದಿರುವುದರಿಂದ ಉತ್ತರ ಸುಲಭವಾಯಿತು. ತಪ್ಪು ಅಡಾಪ್ಟರಿನದಲ್ಲ, ಅದರ ನೆರೆಯಲ್ಲಿರುವ ಹಾರ್ಡ್ ಡಿಸ್ಕಿನ ಗದ್ದಲ.

2008ರಲ್ಲಿ ಬಂದ ಯುಎಸ್‌ಬಿ 3.0 ಪೋರ್ಟ್ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸಾಗಿಸುತ್ತದೆ. ಅಷ್ಟು ವೇಗದಲ್ಲಿ ಏರಿಳಿಯುವ ವಿದ್ಯುತ್ ಸಂಕೇತ ತಂತಿಯೊಳಗೆ ಅಡಗಿ ಕುಳಿತಿರುವುದಿಲ್ಲ. ಅದರ ಒಂದು ಪಾಲು ರೇಡಿಯೋ ಗದ್ದಲವಾಗಿ ಸುತ್ತಲೂ ಹರಡುತ್ತದೆ, ಆ ಗದ್ದಲದ ವ್ಯಾಪ್ತಿಯಲ್ಲೇ ವೈಫೈ ಬಳಸುವ ಅಲೆಗಳ 2.4 ಗಿಗಾಹರ್ಟ್ಸ್ ಪಟ್ಟಿಯೂ (ಬ್ಯಾಂಡ್) ಬರುತ್ತದೆ. ಇಂಟೆಲ್ ಕಂಪನಿ 2012ರಲ್ಲಿ ಪ್ರಕಟಿಸಿದ ತಾಂತ್ರಿಕ ಲೇಖನವೊಂದರಲ್ಲಿ ಇದನ್ನು ಅಳೆದು ತೋರಿಸಿದೆ. ರೂಟರಿನಿಂದ ಗೋಡೆಗಳನ್ನು ದಾಟಿ ಬರುವ ಸಂಕೇತ ತೀರ ದುರ್ಬಲ. ಡಿಸ್ಕಿನ ಕೇಬಲ್ ಅಡಾಪ್ಟರಿಗೆ ಎರಡು ಬೆರಳಿನಷ್ಟು ಹತ್ತಿರ. ಸಂತೆಯ ನಡುವೆ ನಿಂತು ದೂರದವರ ಪಿಸುಮಾತು ಕೇಳುವ ಸ್ಥಿತಿ ನಿಮ್ಮ ಅಡಾಪ್ಟರಿನದು.

ಪರಿಹಾರ ಅಗ್ಗದ್ದು. ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು ಅಡಾಪ್ಟರನ್ನು ಡಿಸ್ಕಿನಿಂದ ದೂರ, ಮೇಜಿನ ಆ ತುದಿಗೆ ಒಯ್ಯಿರಿ. ಲ್ಯಾಪ್‌ಟಾಪಿನಲ್ಲಿ ಕಪ್ಪು ನಾಲಿಗೆಯ ಯುಎಸ್‌ಬಿ 2.0 ಪೋರ್ಟ್ ಇದ್ದರೆ ಅಡಾಪ್ಟರಿಗೆ ಅದನ್ನೇ ಕೊಡಿ, ನೀಲಿ ನಾಲಿಗೆಯದನ್ನು ಡಿಸ್ಕಿಗೆ ಬಿಡಿ. ಅಡಾಪ್ಟರಿಗೂ ರೂಟರಿಗೂ 5 ಗಿಗಾಹರ್ಟ್ಸ್ ಪಟ್ಟಿ ಬರುವುದಾದರೆ ಅದಕ್ಕೆ ಬದಲಾಯಿಸಿಕೊಳ್ಳಿ; ಈ ಗದ್ದಲದ ಕಾಟ ಅಲ್ಲಿಲ್ಲ.

ಕೇಬಲ್ ಸಿಕ್ಕ ಮೇಲೆ ಇನ್ನೊಂದು ಅನುಕೂಲವನ್ನೂ ಪಡೆಯಿರಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ನೇರವಾಗಿ ಬಂದ ಅಲೆಯೂ ಕಪಾಟು, ಕಿಟಕಿಯ ಗ್ರಿಲ್, ಗೋಡೆಗಳಿಗೆ ಬಡಿದು ಬಂದ ಅಲೆಗಳೂ ಕೋಣೆಯಲ್ಲಿ ಒಂದರೊಡನೊಂದು ಬೆರೆತು ಕೆಲವು ಕಡೆ ಬಲವಾಗಿ, ಕೆಲವು ಕಡೆ ಕ್ಷೀಣವಾಗಿ ನಿಲ್ಲುತ್ತವೆ. ಬಲದ ತಾಣಕ್ಕೂ ಕ್ಷೀಣದ ತಾಣಕ್ಕೂ ನಡುವಿನ ಅಂತರ ಕೆಲವೊಮ್ಮೆ ನಾಲ್ಕು ಬೆರಳಗಲವೂ ಇರುವುದಿಲ್ಲ. ಅಡಾಪ್ಟರನ್ನು ಅತ್ತಿತ್ತ ಸ್ವಲ್ಪ ಸ್ವಲ್ಪವೇ ಸರಿಸಿ, ಪ್ರತಿ ಜಾಗದಲ್ಲೂ ಕೆಲವು ಕ್ಷಣ ಕಾದು ಸಂಕೇತದ ಬಲವನ್ನು ಗಮನಿಸಿ. ಸ್ಟೀಲ್ ಕಪಾಟಿನ ಹಿಂದೆ ಮಾತ್ರ ಇಡಬೇಡಿ.

ಹಾಗೆಯೇ ವಿದ್ಯುತ್ತಿನ ಲೆಕ್ಕವನ್ನೂ ನೋಡಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, 3.0 ಪೋರ್ಟ್ 900. ಒಂದು ಪೋರ್ಟನ್ನು ಹಲವಾಗಿಸುವ, ಸ್ವಂತ ವಿದ್ಯುತ್ ಇಲ್ಲದ ಹಬ್ ಒಂದರಲ್ಲಿ ಡಿಸ್ಕನ್ನೂ ಅಡಾಪ್ಟರನ್ನೂ ಒಟ್ಟಿಗೆ ಸಿಕ್ಕಿಸಿದ್ದರೆ ಇಬ್ಬರಿಗೂ ಅರೆಹೊಟ್ಟೆ. ಕಡಲ ತೀರದ ಊರಾದ್ದರಿಂದ ಉಪ್ಪುಗಾಳಿಗೆ ಪೋರ್ಟಿನ ಲೋಹದ ತಗಡುಗಳು ಮಂಕಾಗಿದ್ದರೆ ಅದನ್ನೂ ಗಮನಿಸಿ. ಕಂಪ್ಯೂಟರ್ ಆರಿಸಿ, ಒಣಬಟ್ಟೆಯಿಂದ ಅಡಾಪ್ಟರಿನ ತುದಿಯನ್ನು ಒರೆಸುವುದರಿಂದ ನಷ್ಟವೇನಿಲ್ಲ. ನಕಲು ಮಾಡದ ಹೊತ್ತಿನಲ್ಲೂ, ಕಂಪ್ಯೂಟರ್ ಸುಮ್ಮನಿದ್ದಾಗ ಸಂಪರ್ಕ ಹೋಗುತ್ತಿದ್ದರೆ ಮಾತ್ರ ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ 'ಪವರ್ ಮ್ಯಾನೇಜ್‌ಮೆಂಟ್' ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಬಂದ್ ಮಾಡಬಹುದು ಎಂಬ ಸಾಲಿನ ಮುಂದಿನ ಗುರುತನ್ನು ತೆಗೆಯಿರಿ.

ಪ್ರಶ್ನೆ: ಇಂಟರ್ನೆಟ್ ಕಂಪನಿಯವರು ಹೊಸ ರೂಟರ್ ಹಾಕಿಹೋದರು. ಮನೆಯ ಫೋನುಗಳೆಲ್ಲ ಅದಕ್ಕೆ ಸೇರಿಕೊಂಡವು. ನನ್ನ ಅಡಾಪ್ಟರಿಗೆ ನೆರೆಯವರ ವೈಫೈಗಳೆಲ್ಲ ಕಾಣುತ್ತವೆ, ನಮ್ಮದೇ ಕಾಣುವುದಿಲ್ಲ!
(ಓದುಗರು, ಪಿಂಪ್ರಿ, ಪುಣೆ)

ಉತ್ತರ: ನೆರೆಯವರದು ಕಾಣುತ್ತಿದೆ ಎಂದಮೇಲೆ ಅಡಾಪ್ಟರೂ ಸರಿ, ಡ್ರೈವರೂ ಸರಿ. ಹೊಸ ರೂಟರ್ ಮಾತಾಡುತ್ತಿರುವ ಜಾಗಕ್ಕೆ ನಿಮ್ಮ ಅಡಾಪ್ಟರಿನ ಕಿವಿ ಮುಟ್ಟುತ್ತಿಲ್ಲ. ಅಡಾಪ್ಟರಿನ ಮೇಲೆ '802.11ಎನ್' ಎಂದೂ '150' ಎಂದೂ ಇದ್ದರೆ ಅದು ಬಹುತೇಕ 2.4 ಗಿಗಾಹರ್ಟ್ಸ್ ಪಟ್ಟಿಯದು ಮಾತ್ರ. ಭಾರತದಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗವನ್ನು 2018ರ ಅಕ್ಟೋಬರ್‌ನಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ಮನೆಮನೆಗೆ ಎರಡೂ ಪಟ್ಟಿಗಳ ರೂಟರುಗಳು ಬಂದಿವೆ, ಕೆಲವನ್ನು 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಹೆಸರು ತೋರಿಸುವಂತೆ ಹೊಂದಿಸಿರುತ್ತಾರೆ. ರೂಟರಿನ ಸೆಟ್ಟಿಂಗ್ಸ್ ಪುಟ ತೆರೆದು 2.4 ಪಟ್ಟಿ ಚಾಲೂ ಇದೆಯೇ ನೋಡಿ, ಅದಕ್ಕೆ ಬೇರೆಯೇ ಹೆಸರಿಡಿ.

ಚಾಲೂ ಇದ್ದೂ ಕಾಣದಿದ್ದರೆ 2.4 ಪಟ್ಟಿಯ ಒಳವಿಭಾಗವಾದ ಚಾನಲ್‌ನ ಸಂಖ್ಯೆ ನೋಡಿ. ನಮ್ಮಲ್ಲಿ 1ರಿಂದ 13ರವರೆಗೆ ಬಳಸಬಹುದು. ಅಮೆರಿಕದ ಪದ್ಧತಿಗೆ ಹೊಂದಿಸಿದ ಅಡಾಪ್ಟರುಗಳು 11ರ ಆಚೆಗೆ ನೋಡುವುದೇ ಇಲ್ಲ. ರೂಟರ್ ತಾನಾಗಿ 12 ಅಥವಾ 13ಕ್ಕೆ ಹೋಗಿ ಕುಳಿತಿದ್ದರೆ ಅದನ್ನು 1, 6, 11 ಇವುಗಳಲ್ಲಿ ಒಂದಕ್ಕೆ ಕಟ್ಟಿಹಾಕಿ. 20 ಮೆಗಾಹರ್ಟ್ಸ್ ಅಗಲದಲ್ಲಿ ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಹೆಸರು ಕಂಡೂ ಸೇರಿಸಿಕೊಳ್ಳದಿದ್ದರೆ ಭದ್ರತೆಯ ವಿಧ ಕಾರಣವಾಗಿರಬಹುದು. 2018ರಲ್ಲಿ ಬಂದ ಡಬ್ಲ್ಯುಪಿಎ3 ಹಳೆಯ ಅಡಾಪ್ಟರುಗಳಿಗೆ ತಿಳಿಯದು. ರೂಟರಿನಲ್ಲಿ ಡಬ್ಲ್ಯುಪಿಎ2 ಮತ್ತು 3 ಎರಡನ್ನೂ ಸ್ವೀಕರಿಸುವ ಮಿಶ್ರ ಆಯ್ಕೆಯನ್ನು ಕೊಡಿ. ರೂಟರನ್ನು ಮುಟ್ಟುವ ಮೊದಲೇ ಖಚಿತಪಡಿಸಿಕೊಳ್ಳಬೇಕಿದ್ದರೆ, ಫೋನಿನ ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಹೊಂದಿಸಿ ಅಡಾಪ್ಟರನ್ನು ಅದಕ್ಕೆ ಸೇರಿಸಿ ನೋಡಿ. ಸೇರಿದರೆ ಹೊಸ ಅಡಾಪ್ಟರಿನ ಖರ್ಚು ಉಳಿಯಿತು.

ಪ್ರಶ್ನೆ: ಅಡಾಪ್ಟರಿನ ಮೇಲೆ 600 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಎಂದು ಬರೆದಿದೆ. ನನಗೆ 54ರ ಮೇಲೆ ಎಂದೂ ಕಂಡಿಲ್ಲ. ಮೋಸವೇ?
(ಓದುಗರು, ಮುಲುಂಡ್)

ಉತ್ತರ: 600 ಎಂಬುದು ಎರಡು ಪಟ್ಟಿಗಳ ಗರಿಷ್ಠ ವೇಗವನ್ನು ಕೂಡಿಸಿದ ಲೆಕ್ಕ: 2.4ರಲ್ಲಿ 150, 5ರಲ್ಲಿ 433, ಒಟ್ಟು 583; ಅದನ್ನು ದುಂಡಾಗಿಸಿ 600 ಎಂದು ಮುದ್ರಿಸಿದ್ದಾರೆ. ಅಡಾಪ್ಟರ್ ಒಂದು ಹೊತ್ತಿಗೆ ಒಂದೇ ಪಟ್ಟಿಯಲ್ಲಿ ಇರುವುದರಿಂದ ಆ ಕೂಡಿಕೆ ಯಾರಿಗೂ ಸಿಗುವಂಥದ್ದಲ್ಲ. ಗ್ರಾಹಕರನ್ನು ದಾರಿತಪ್ಪಿಸುವ ಇಂಥ ಮುದ್ರಣವನ್ನು ನಾನು ಒಪ್ಪುವುದಿಲ್ಲ. ಆದರೆ ಸರಿಯಾಗಿ 54ಕ್ಕೇ ನಿಂತಿದೆ ಎಂದರೆ ಕಾರಣ ರೂಟರಿನಲ್ಲಿದೆ. 54 ಎಂಬುದು 2003ರ 802.11ಜಿ ಎಂಬ ಹಳೆಯ ವೈಫೈ ಪೀಳಿಗೆಯ ಮಿತಿ. ರೂಟರಿನ ಭದ್ರತೆ ಹಳೆಯ ಟಿಕೆಐಪಿ ವಿಧಾನದಲ್ಲಿದ್ದರೆ ಹೊಸ ಅಡಾಪ್ಟರೂ ಆ ಮಿತಿಗೆ ಇಳಿಯುತ್ತದೆ. ಅದನ್ನು ಡಬ್ಲ್ಯುಪಿಎ2, ಎಇಎಸ್ ಎಂದು ಬದಲಿಸಿ.

ಪ್ರಶ್ನೆ: ಹೊಸದಾಗಿ ಕೊಳ್ಳುವುದಾದರೆ ಏನನ್ನು ನೋಡಬೇಕು?
(ಓದುಗರು, ಕಲ್ಯಾಣ್)

ಉತ್ತರ: ಎರಡೂ ಪಟ್ಟಿಗಳು ಇರಲಿ, ಹೊರಗೆ ಚಾಚುವ ಆಂಟೆನಾ ಇರಲಿ. ಉಗುರಿನಷ್ಟು ಚಿಕ್ಕ ಅಡಾಪ್ಟರ್ ನೋಡಲು ಅಂದ, ಆದರೆ ಅದರೊಳಗೆ ಆಂಟೆನಾಕ್ಕೆ ಜಾಗವೇ ಇರುವುದಿಲ್ಲ. ಹಳೆಯ ಕಟ್ಟಡಗಳ ದಪ್ಪ ಗೋಡೆಗಳ ಮುಂದೆ ಅದು ಸೋಲುತ್ತದೆ. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಲ್ಯಾಮಿಂಗ್ಟನ್ ರೋಡಿಗೋ, ಪುಣೆಯವರಾದರೆ ಬುಧವಾರ ಪೇಟೆಯ ತಪಕೀರ್ ಗಲ್ಲಿಗೋ ಹೋದಾಗ ಬೆಲೆಗಿಂತ ಮೊದಲು ಒಳಗಿನ ಚಿಪ್ ಯಾವುದೆಂದು ಕೇಳಿ. ಉತ್ತರ ಬಾರದಿದ್ದರೆ ಬಿಲ್ ಪಡೆದು, ಬದಲಿಸಿಕೊಡುವ ಅವಧಿಯನ್ನು ಅದರ ಮೇಲೆಯೇ ಬರೆಸಿಕೊಳ್ಳಿ. ಸಾಧ್ಯವಾದರೆ ಲ್ಯಾಪ್‌ಟಾಪನ್ನು ಜೊತೆಗೆ ಒಯ್ದು ಅಲ್ಲೇ ಸಿಕ್ಕಿಸಿ ನೋಡಿ.

ಪ್ರಶ್ನೆ: ವೈಫೈ ಸೇರಿದೆ ಎಂದು ತೋರಿಸುತ್ತದೆ. ಆದರೆ ಯಾವ ತಾಣ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗಲೆಲ್ಲ ಹೀಗೆ. ಅಡಾಪ್ಟರನ್ನು ಮೂರು ಸಲ ತೆಗೆದು ಹಾಕಿದೆ.
(ಓದುಗರು, ಠಾಣೆ)

ಉತ್ತರ: ಪರದೆಯ ಕೆಳಮೂಲೆಯಲ್ಲಿರುವ ದಿನಾಂಕವನ್ನು ನೋಡಿ. ಅದು ಎಷ್ಟೋ ವರ್ಷ ಹಿಂದಿನದಾಗಿದ್ದರೆ ಕಾರಣ ಸಿಕ್ಕಂತೆಯೇ. ಸುರಕ್ಷಿತ ತಾಣಗಳ ಪ್ರಮಾಣಪತ್ರಗಳಿಗೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಇಂದಿನ ದಿನ ಆ ಅವಧಿಯ ಹೊರಗಿದೆ ಎಂದು ಕಂಪ್ಯೂಟರ್ ನಂಬಿದರೆ ಬ್ರೌಸರ್ ಒಂದು ತಾಣವನ್ನೂ ಒಪ್ಪುವುದಿಲ್ಲ. ರಾತ್ರಿ ಪ್ಲಗ್ ತೆಗೆದಾಗ ಗಡಿಯಾರವನ್ನು ನಡೆಸಬೇಕಾದ ಮದರ್‌ಬೋರ್ಡಿನ ಗುಂಡುಸೆಲ್ ಮುಗಿದಿದೆ. ಹೆಚ್ಚಿನ ಡೆಸ್ಕ್‌ಟಾಪುಗಳಲ್ಲಿ ಅದು 3 ವೋಲ್ಟಿನ ಸಿಆರ್ 2032. ಗಡಿಯಾರದ ಅಂಗಡಿಗಳಲ್ಲೂ ಸಿಗುತ್ತದೆ. ಪ್ಲಗ್ ತೆಗೆದು, ಹಳೆಯದನ್ನು ಹೊರತೆಗೆದು, ಅಧಿಕ ಚಿಹ್ನೆಯಿರುವ ಮುಖ ಮೇಲೆ ಬರುವಂತೆ ಹೊಸದನ್ನು ಕೂರಿಸಿ, ಕಂಪ್ಯೂಟರ್ ಹಾಕಿ ದಿನಾಂಕ ಮತ್ತು ವೇಳೆಯನ್ನು ಸರಿಪಡಿಸಿ. ಅಡಾಪ್ಟರ್ ಇದ್ದಲ್ಲೇ ಇರಲಿ.